ಹತ್ತು ಸೆಕೆಂಡಿಗೆ ಇಪ್ಪತ್ತು

ಬಿ.ಕಾಂ ಮೂರು ವರ್ಷ ನಾನು ಕ್ಲಾಸಿಗಿಂತ ಗ್ರೌಂಡಲ್ಲೇ ಜಾಸ್ತಿ ಇದ್ದೆ, ಅಟೆಂಡೆನ್ಸ್ ಶಾರ್ಟೇಜ್ ಲಿಸ್ಟಲ್ಲಿ ನನ್ ಹೆಸ್ರು ಪರ್ಮನೆಂಟು. ನಂದು 800 ಮೀಟರ್.

ಮೊದಲ ವರ್ಷ ಇದ್ದ ಕೋಚ್ ಹತ್ರ ಒಂದು ವಿಸಿಲ್, ಅಷ್ಟೇ. ಬೆಳಿಗ್ಗೆ ಐದೂವರೆಗೆ ಶಾಟ್‌ಪುಟ್ ಹುಡುಗ, ಲಾಂಗ್ ಜಂಪ್ ಹುಡುಗಿ, ನಾನು, ಎಲ್ರಿಗೂ ಒಂದೇ ಇಪ್ಪತ್ತು ರೌಂಡು. ಆಗಸ್ಟ್ ಹೊತ್ತಿಗೆ ಮೊಣಕಾಲಿನ ಕೆಳಗೆ ಮುಂದಿನ ಮೂಳೆ ಮುಟ್ಟಿದ್ರೆ ಪ್ರಾಣ ಹೋಗೋದು, ಹೇಳಿದ್ರೆ "ನಾಟ್ಕ ಆಡ್ಬೇಡ ಕಣೋ, ಓಡು". ಓಡ್ದೆ. ಎರಡು ತಿಂಗ್ಳು ಮನೇಲಿ ಕೂತೆ. ಹಂಗಂತ ಅವ್ರು ಕೆಟ್ಟೋರಲ್ಲ, ದಿನಾ ಮೊಳಕೆ ಬಂದ ಹೆಸರುಕಾಳು ಸ್ಟೀಲ್ ಡಬ್ಬೀಲಿ ತರ್ತಿದ್ರು, ಸ್ವಂತ ದುಡ್ಡಲ್ಲಿ, ಹಾಸ್ಟೆಲ್ ತಿಂಡಿ ಏನೂಂತ ಗೊತ್ತಿದ್ದೋರು.

ಎರಡನೇ ವರ್ಷ ಬಂದ ಸರ್ ಒಂದು ಲಾಂಗ್ ನೋಟ್‌ಬುಕ್ ಇಟ್ಕೊಂಡಿದ್ರು, ಒಬ್ಬೊಬ್ರಿಗೆ ಒಂದೊಂದು ಪೇಜು. ಓಡ್ಸೋಕ್ ಮುಂಚೆ "ರಾತ್ರಿ ನಿದ್ದೆ ಬಂತಾ?" ಅಂತ ಕೇಳೋರು, ನಮಗೆ ನಗು. ನನ್ ಕಾಲಿನ ಕಥೆ ಕೇಳಿ ಅಂದ್ರು, ದೂರ ಓಡೋದು ತಪ್ಪಲ್ಲಪ್ಪಾ, ನ್ಯೂಜಿಲೆಂಡಿನ ಕೋಚ್ ಲಿಡಿಯಾರ್ಡ್ ತಮ್ಮ ಶಿಷ್ಯ ಪೀಟರ್ ಸ್ನೆಲ್‌ನ ವಾರಕ್ಕೆ 160 ಕಿಲೋಮೀಟರ್ ಓಡ್ಸಿದ್ರು, ಅವ್ನು 1960ರ ರೋಮ್ ಒಲಿಂಪಿಕ್ಸಲ್ಲಿ 800 ಗೋಲ್ಡ್ ಹೊಡ್ದ, ಆದ್ರೆ ಅಲ್ಲಿಗೆ ಮೆಲ್ಲಗೆ ಏರಿಸ್ಕೊಂಡ್ ಹೋಗ್ಬೇಕು, ಜೂನಲ್ಲಿ ಸೇರಿ ಜುಲೈಯಲ್ಲೇ ಅಂದ್ರೆ ಮೂಳೆ ಕೇಳುತ್ತಾ?

ಅವ್ರದ್ದು ಜರ್ಮನಿಯ ಕೋಚ್ ಗೆರ್ಷ್ಲರ್ ದಾರಿ. 200 ಮೀಟರ್ ಜೋರಾಗಿ ಓಡು, ಎದೆಬಡಿತ ನಿಮಿಷಕ್ಕೆ 180ರ ಹತ್ರ ಹೋಗ್ಲಿ, 120ಕ್ಕೆ ಇಳಿದ್ಮೇಲೇ ಮುಂದಿಂದು, ಒಂದೂವರೆ ನಿಮಿಷದಲ್ಲಿ ಇಳೀಲಿಲ್ಲ ಅಂದ್ರೆ ಇವತ್ತಿಗೆ ಸಾಕು. ಗೆರ್ಷ್ಲರ್ ಶಿಷ್ಯ ಹಾರ್ಬಿಗ್ 1939ರಲ್ಲಿ 800ನ 1:46.6ಕ್ಕೆ ಓಡಿದ್ದು 1955ರವರೆಗೂ ಯಾರೂ ಮುರೀಲಿಲ್ವಂತೆ. ನಮ್ ಹತ್ರ ಮೆಷಿನ್ ಎಲ್ಲಿತ್ತು, ಕುತ್ತಿಗೆ ಪಕ್ಕ ಎರಡು ಬೆರಳಿಟ್ಟು ಹತ್ತು ಸೆಕೆಂಡ್ ಎಣಿಸ್ಬೇಕು, ಇಪ್ಪತ್ತು ಬಂದ್ರೆ 120. ನಾನು ಒಂದ್ಸಲ ಇಪ್ಪತ್ನಾಲ್ಕು ಬಂದಿದ್ರೂ ಇಪ್ಪತ್ತು ಅಂದೆ. ಅವ್ರೇ ಬಂದು ನನ್ ಕುತ್ತಿಗೆ ಮೇಲೆ ಬೆರಳಿಟ್ರು, ಏನೂ ಬೈಲಿಲ್ಲ, ಬುಕ್ಕಲ್ಲಿ 24 ಅಂತ ಬರ್ದು ಶೂ ಬಿಚ್ಚು ಅಂದ್ರು. ಬೈದಿದ್ರೇ ವಾಸಿ ಇತ್ತು.

ಫೈನಲ್ ಇಯರ್ ಯೂನಿವರ್ಸಿಟಿ ಮೀಟಿಗೆ ವಿಸಿಲ್ ಸರ್ರೂ ಬಂದಿದ್ರು, ಆಗ್ಲೇ ಬೇರೆ ಕಾಲೇಜಿಗೆ ಹೋಗಿದ್ರು ಪಾಪ. ಕೊನೇ ತಿರುವಲ್ಲಿ ನಿಂತು ಅವ್ರ ಹುಡುಗನ್ನ ಬಿಟ್ಟು ನನ್ ಹೆಸ್ರು ಕೂಗ್ತಿದ್ರು, "ಓಡೋ ಕಳ್ಳ!" ಅಂತ. ಮೂರನೇ ಪ್ಲೇಸ್, 2 ನಿಮಿಷ 1 ಸೆಕೆಂಡ್. ನೋಟ್‌ಬುಕ್ ಸರ್ ಟೈಮ್ ಬರ್ಕೊಂಡು "ಎಣ್ಸು" ಅಂದ್ರು. ಬೆರಳಿಟ್ಟೆ. ಆ ಕಡೆಯಿಂದ ಸ್ಟೀಲ್ ಡಬ್ಬಿ ಹಿಡ್ಕೊಂಡು ಬರ್ತಿರೋರು ಕಂಡ್ರು, ಎಣಿಕೆ ತಪ್ಪೋಯ್ತು.