ಮಡಿಕೇರಿಯ ಉದ್ಯಾನಗಳು: ರಾಜಾಸೀಟ್‌ಗೆ ಬೆಳಗ್ಗೆ ಹೋಗಿ, ಗದ್ದಿಗೆಯನ್ನು ಬಿಡಬೇಡಿ

ಮೊದಲು ರೂಮಿನ ವಿಷಯ ಹೇಳಿಬಿಡುತ್ತೇನೆ. ಡಿಸೆಂಬರ್‌ನಲ್ಲಿ ಅಮ್ಮನನ್ನು ಮಡಿಕೇರಿಗೆ ಕರೆದುಕೊಂಡು ಹೋಗಿದ್ದೆ. ಅಮ್ಮನಿಗೆ 68 ವರ್ಷ, ಮಂಡಿ ನೋವು. ಗಿಡ ಅಂದರೆ ಮಾತ್ರ ಎಷ್ಟು ದೂರವಾದರೂ ನಡೆಯುತ್ತಾರೆ. ಅದಕ್ಕೇ ಪಾರ್ಕುಗಳನ್ನಷ್ಟೇ ನೋಡೋಣ ಅಂತ ಹೊರಟಿದ್ದೆವು. 'ರಾಜಾಸೀಟ್‌ಗೆ ನಡೆದು ಹೋಗುವಷ್ಟು ಹತ್ತಿರ' ಎಂದು ಹಾಕಿದ್ದ ಒಂದು ಹೋಂಸ್ಟೇಗೆ ಎರಡು ರಾತ್ರಿಯ ಹಣ ಮೊದಲೇ ಕಟ್ಟಿದ್ದೆ. ರಾತ್ರಿಗೆ 3,800 ರೂಪಾಯಿ.

ಬಸ್ ಸ್ಟ್ಯಾಂಡ್‌ನಲ್ಲಿ ಇಳಿದು ಆಟೋದವರಿಗೆ ವಿಳಾಸ ತೋರಿಸಿದರೆ, 'ಇದು ಊರಾಚೆ ಸಾರ್, 350 ಆಗುತ್ತೆ' ಅಂದರು. ಅವರು ಹೇಳಿದ್ದು ನಿಜವೇ. ಏಳು ಕಿಲೋಮೀಟರ್, ಅದರಲ್ಲಿ ಕೊನೆಯ ಒಂದು ಕಿಲೋಮೀಟರ್ ಕಾಫಿ ತೋಟದ ಮಣ್ಣು ದಾರಿ. ಫೋನಿಗೆ ಸಿಗ್ನಲ್ ಇಲ್ಲ. ಕೇಳಿದರೆ ಮಾಲೀಕರು, 'ತೋಟದೊಳಗೆ ಹಾದು ಹೋದರೆ ಹತ್ತಿರ' ಅಂದರು. ಮಂಡಿ ನೋವಿರುವ ಅಮ್ಮನನ್ನು ತೋಟದೊಳಗೆ ನಡೆಸಲಿಕ್ಕೆ ಆಗುತ್ತದಾ? ಎರಡು ದಿನದಲ್ಲಿ ಆಟೋಗೇ 1,400 ರೂಪಾಯಿ ಹೋಯಿತು. ನೀವು ರೂಮ್ ಹಿಡಿಯುವ ಮುಂಚೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿ: 'ಬಸ್ ಸ್ಟ್ಯಾಂಡ್‌ನಿಂದ ಆಟೋಗೆ ಎಷ್ಟಾಗುತ್ತೆ?' ಉತ್ತರ ಕೊಡಲು ತಡವರಿಸಿದರೆ ಅಲ್ಲಿಗೆ ಬಿಡಿ. ರಾಜಾಸೀಟ್ ಬಸ್ ಸ್ಟ್ಯಾಂಡ್‌ನಿಂದ ಸುಮಾರು ಒಂದು ಕಿಲೋಮೀಟರ್ ಅಷ್ಟೇ. ಊರೊಳಗಿನ ಸಾಧಾರಣ ಲಾಡ್ಜ್ ಆಗಿದ್ದರೂ ನಮಗೆ ಅದೇ ಸುಖವಾಗಿರುತ್ತಿತ್ತು.

ಶನಿವಾರ ಸಂಜೆ ಎಲ್ಲರಂತೆ ನಾವೂ ಸೂರ್ಯಾಸ್ತ ನೋಡಲು ರಾಜಾಸೀಟ್‌ಗೆ ಹೋದೆವು. ಕೊಡಗಿನ ರಾಜರು ಕೂತು ಸೂರ್ಯ ಮುಳುಗುವುದನ್ನು ನೋಡುತ್ತಿದ್ದ ಜಾಗ ಅದು. ಆ ದಿನ ಮಂಟಪದ ಹತ್ತಿರ ನಿಲ್ಲಲಿಕ್ಕೂ ಜಾಗ ಇರಲಿಲ್ಲ. ಒಂದು ಬೆಂಚೂ ಖಾಲಿ ಇಲ್ಲ. ಅಮ್ಮ ಅರ್ಧ ಗಂಟೆ ನಿಂತೇ ಇದ್ದರು. ಮುಂದೆ ಎತ್ತಿ ಹಿಡಿದ ಮೊಬೈಲ್‌ಗಳ ಸಾಲು, ಅದರಾಚೆ ಮಂಜು. ಸೂರ್ಯ ಮುಳುಗಿದ್ದು ನಮಗೆ ಕಾಣಲೇ ಇಲ್ಲ. ಸಂಗೀತ ಕಾರಂಜಿಗೂ ಕಾಯದೆ ವಾಪಸ್ ಬಂದೆವು.

ಸೋಮವಾರ ಬೆಳಗ್ಗೆ ಏಳಕ್ಕೆ ಮುಂಚೆ ಮತ್ತೆ ಅದೇ ಜಾಗಕ್ಕೆ ಹೋದೆವು. ಒಟ್ಟು ಹತ್ತು ಜನ ಇದ್ದರೇನೋ, ಅವರೂ ವಾಕಿಂಗ್‌ಗೆ ಬಂದ ಊರಿನವರು. ಕೆಳಗಿನ ಕಣಿವೆ ತುಂಬ ಮಂಜು. ಅದು ಸರಿದಾಗ ಮಂಗಳೂರು ರಸ್ತೆ ಹಾವಿನ ಹಾಗೆ ಹೊರಗೆ ಬರುತ್ತಿತ್ತು. ಮಾಲಿಯೊಬ್ಬರು ಡೇಲಿಯಾ ಗಿಡಗಳಿಗೆ ಕೋಲು ನೆಟ್ಟು, ನೀರಲ್ಲಿ ನೆನೆಸಿದ ಬಾಳೆ ನಾರಿನಿಂದ ಕಟ್ಟುತ್ತಿದ್ದರು. ದಾರ ಕಟ್ಟಿದರೆ ಕಾಂಡ ಕೊಯ್ದುಹೋಗುತ್ತದಂತೆ. ಅಮ್ಮ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟರು. 'ಹೂವು ಮುಗಿದ ಮೇಲೆ ಗಡ್ಡೆ ಏನು ಮಾಡ್ತೀರಪ್ಪಾ?' ಎಂದು ಕೇಳಿದರು. 'ಕಿತ್ತು ಒಣ ಮರಳಲ್ಲಿ ಇಡ್ತೀವಿ ಅಮ್ಮಾ, ಇಲ್ಲಾಂದ್ರೆ ಮಳೆಗೆ ಕೊಳೆಯುತ್ತೆ' ಎಂದರು ಅವರು. ಇಬ್ಬರ ಮಾತು ಮುಕ್ಕಾಲು ಗಂಟೆ ನಡೆಯಿತು. ಇಡೀ ಪ್ರವಾಸದಲ್ಲಿ ಅಮ್ಮ ಅಷ್ಟು ಖುಷಿಯಾಗಿದ್ದದ್ದು ಆಗಲೇ. ಹೂವಿಗಾಗಿಯೇ ಬರುವವರು ಫಲಪುಷ್ಪ ಪ್ರದರ್ಶನದ ದಿನ ಕೇಳಿಕೊಂಡು ಬನ್ನಿ, ಸಾಮಾನ್ಯವಾಗಿ ಜನವರಿ–ಫೆಬ್ರವರಿಯಲ್ಲಿ ಇರುತ್ತದೆ. ಆಗ ಜನ ಇನ್ನೂ ಜಾಸ್ತಿ. ರಾಜಾಸೀಟ್ ಇಳಿಜಾರಿನಲ್ಲಿದೆ, ಮೆಟ್ಟಿಲು ಬಹಳ. ವಯಸ್ಸಾದವರನ್ನು ಮೇಲಿನ ಹಂತದಲ್ಲೇ ಕೂರಿಸಿ.

ನನ್ನನ್ನು ಕೇಳಿದರೆ ಮಡಿಕೇರಿಯಲ್ಲಿ ಕೂರಲು ಒಳ್ಳೆಯ ಜಾಗ ರಾಜಾಸೀಟ್ ಅಲ್ಲ, ಗದ್ದಿಗೆ. ಮಹದೇವಪೇಟೆ ದಾಟಿ ಮೇಲೆ ಹೋದರೆ ಹುಲ್ಲುಹಾಸಿನ ನಡುವೆ ರಾಜರ ಸಮಾಧಿಗಳಿವೆ. ದೊಡ್ಡವೀರರಾಜೇಂದ್ರ ಮತ್ತು ಅವನ ರಾಣಿಯದು ಒಂದು. ಪಕ್ಕದ್ದು ಲಿಂಗರಾಜೇಂದ್ರನದು, ಅದನ್ನು ಕಟ್ಟಿಸಿದವನು ಅವನ ಮಗ ಚಿಕ್ಕವೀರರಾಜೇಂದ್ರ. ಇದೇ ಮಗನನ್ನು 1834ರಲ್ಲಿ ಬ್ರಿಟಿಷರು ಪಟ್ಟದಿಂದ ಇಳಿಸಿದರು. ಕಟ್ಟಡಕ್ಕೆ ಗುಮ್ಮಟ, ಮಿನಾರು ಇವೆ. ದೂರದಿಂದ ನೋಡಿ ಅಮ್ಮ ದರ್ಗಾ ಅಂದುಕೊಂಡಿದ್ದರು, ಹತ್ತಿರ ಹೋದಾಗ ಮೇಲೆ ಮೂಲೆಮೂಲೆಗೆ ನಂದಿ ಕಂಡವು. ಟಿಪ್ಪುವಿನ ವಿರುದ್ಧ ಹೋರಾಡಿದ ಬಿದ್ದಂಡ ಬೋಪುವಿನ ಸಮಾಧಿಯೂ ಅಲ್ಲೇ ಇದೆ. ಸೋಮವಾರ ಮಧ್ಯಾಹ್ನ ಅಲ್ಲಿ ನಾವಿಬ್ಬರು, ಪುಸ್ತಕ ಹಿಡಿದ ಇಬ್ಬರು ಕಾಲೇಜು ಹುಡುಗಿಯರು, ಅಷ್ಟೇ. ಎರಡು ಗಂಟೆ ಕೂತಿದ್ದೆವು. ತಿಂಡಿ, ನೀರು ಕೊಂಡೊಯ್ಯಿರಿ, ಕಸ ವಾಪಸ್ ತನ್ನಿ.

ಊಟದ ಬಗ್ಗೆ ಹೇಳಲೇಬೇಕು. ಮಾರ್ಕೆಟ್ ಕಡೆ ಇಳಿಯುವ ಒಂದು ಓಣಿಯಲ್ಲಿ ನಾಲ್ಕೇ ಮೇಜಿನ ಹೋಟೆಲ್ ಸಿಕ್ಕಿತು. ಬೋರ್ಡೂ ಇರಲಿಲ್ಲ. ಅಡುಗೆ ಮಾಡುವ ಅಕ್ಕ ಅಕ್ಕಿ ಹಿಟ್ಟಿಗೆ ಅನ್ನವನ್ನೂ ಸೇರಿಸಿ ನಾದಿ, ತೆಳ್ಳಗೆ ತಟ್ಟಿ, ಕಾವಲಿಯಿಂದ ಇಳಿಸಿ ಕೆಂಡದ ಮೇಲೆ ಹಾಕುತ್ತಿದ್ದರು. ರೊಟ್ಟಿ ಪೂರ್ತಿ ಉಬ್ಬಿ, ತಟ್ಟೆಗೆ ಬೀಳುವಾಗ ಹುಸ್ ಅಂತ ಇಳಿಯುತ್ತಿತ್ತು. ಜೊತೆಗೆ ಎಳ್ಳು ಪಜ್ಜಿ (ಎಳ್ಳಿನ ಚಟ್ನಿ), ಕುಂಬಳ ಕರಿ. ನಮ್ಮ ತುಮಕೂರಿನ ಅಕ್ಕಿ ರೊಟ್ಟಿ ಬೇರೆ, ಈರುಳ್ಳಿ ಸೊಪ್ಪು ಹಾಕಿ ತಟ್ಟಿದ ದಪ್ಪ ರೊಟ್ಟಿ. ಇದು ಬಟ್ಟೆಯಷ್ಟು ಮೆತ್ತಗೆ. ಎರಡು ರೊಟ್ಟಿಗೆ 50 ರೂಪಾಯಿ. ನಾನು ನೂಲ್‌ಪುಟ್ಟು (ಅಕ್ಕಿ ಶ್ಯಾವಿಗೆ), ಕೋಳಿ ಕರಿ ತಿಂದೆ. ಮೂರು ಹೊತ್ತು ಅಲ್ಲೇ ಉಂಡೆವು. ಹೊರಡುವ ದಿನ ಆ ಅಕ್ಕ, 'ದಾರಿಗೆ ಆಗುತ್ತೆ ಅಮ್ಮಾ' ಎಂದು ನಾಲ್ಕು ರೊಟ್ಟಿ ಬಾಳೆಲೆಯಲ್ಲಿ ಸುತ್ತಿ ಕೊಟ್ಟರು, ದುಡ್ಡು ತೆಗೆದುಕೊಳ್ಳಲಿಲ್ಲ. ಹೋಂಸ್ಟೇಯಲ್ಲಿ ಇದೇ ರೊಟ್ಟಿ, ತಣ್ಣಗಾದದ್ದು, ಒಬ್ಬರಿಗೆ 250 ಅಂತ ಬಿಲ್ ಹಾಕಿದ್ದರು.

ವಾಪಸ್ ಬರುವಾಗ ಕಾವೇರಿ ನಿಸರ್ಗಧಾಮ. ಅದಕ್ಕಾಗಿ ಟ್ಯಾಕ್ಸಿ ಮಾಡಬೇಡಿ, ನಮಗೆ ಒಬ್ಬರು 1,800 ಕೇಳಿದ್ದರು. ಮಡಿಕೇರಿ–ಕುಶಾಲನಗರ ರಸ್ತೆಯ ಪಕ್ಕದಲ್ಲೇ ಇದೆ, ಕಂಡಕ್ಟರ್‌ಗೆ ಹೇಳಿದರೆ ಗೇಟಿನ ಮುಂದೆ ಇಳಿಸುತ್ತಾರೆ. ತೂಗುಸೇತುವೆ ದಾಟಿದರೆ ಹೊಳೆ ನಡುವಿನ 64 ಎಕರೆ ದ್ವೀಪ, ಎಲ್ಲೆಲ್ಲೂ ಬಿದಿರು ಮೆಳೆ. ನೆಲ ಸಮತಟ್ಟು, ಹಾಗಾಗಿ ಅಮ್ಮ ಆರಾಮಾಗಿ ನಡೆದರು. ಸೇತುವೆ ಅಲುಗಾಡುವಾಗ ಮಾತ್ರ ನನ್ನ ಕೈ ಹಿಡಿದರು. ನೀರಿಗೆ ಇಳಿಯಬೇಡಿ, ಮಕ್ಕಳಿದ್ದರೆ ಇನ್ನೂ ಹುಷಾರು. ಮಳೆಗಾಲದಲ್ಲಿ ಹೋಗುವವರು ಮೊದಲೇ ವಿಚಾರಿಸಿ, ಕಾವೇರಿ ತುಂಬಿದರೆ ಒಳಗೆ ಬಿಡುವುದಿಲ್ಲ.