ಸಾಮ್ರಾಜ್ಯಶಾಹಿ ವಿರುದ್ಧ ಹೋರಾಡುವವರೆಲ್ಲ ನಮ್ಮವರೇನಾ?

"ಸಾಮ್ರಾಜ್ಯಶಾಹಿಯ ವಿರುದ್ಧ ಯಾರೇ ಹೋರಾಡಲಿ, ಎಡಪಂಥೀಯರು ಬೆಂಬಲಿಸಬೇಕಲ್ವಾ? ಅವರ ಸಿದ್ಧಾಂತ ಕಟ್ಟಿಕೊಂಡು ನಿಮಗೇನಾಗಬೇಕು?" ನಾನು ಎಡಪಂಥೀಯ ಅಂತ ಗೊತ್ತಿರುವವರು ಪದೇಪದೇ ಕೇಳುವ ಪ್ರಶ್ನೆ ಇದು.

ದಾಳಿಯನ್ನು ವಿರೋಧಿಸಲು ದಾಳಿಗೆ ಒಳಗಾದವರ ಸಿದ್ಧಾಂತ ನೋಡಬೇಕಿಲ್ಲ. ಆದರೆ ಒಂದು ಸಂಘಟನೆಯ ಬೆನ್ನಿಗೆ ನಿಲ್ಲುವಾಗ ನೋಡಲೇಬೇಕು.

1935ರಲ್ಲಿ ಇಟಲಿಯ ಸರ್ವಾಧಿಕಾರಿ ಮುಸೊಲಿನಿಯ ಸೇನೆ ಇಥಿಯೋಪಿಯಾಕ್ಕೆ ನುಗ್ಗಿತು. ಅಲ್ಲಿದ್ದದ್ದು ಚಕ್ರವರ್ತಿ ಹೈಲೆ ಸೆಲಾಸಿಯ ಆಳ್ವಿಕೆ. ಗುಲಾಮಗಿರಿ ಇನ್ನೂ ಹೋಗಿರಲಿಲ್ಲ. ಆದರೂ ಇಥಿಯೋಪಿಯಾದ ಪರ ನಿಂತ ಎಡಪಂಥೀಯರು ಮಾಡಿದ್ದೇ ಸರಿ. ವಿಮಾನದಿಂದ ವಿಷಾನಿಲ ಸುರಿಯುವಾಗ, ಕೆಳಗಿರುವ ರೈತನ ರಾಜ ಎಂಥವನು ಅಂತ ವಿಚಾರಿಸುತ್ತಾ ಕೂರಲು ಆಗುವುದಿಲ್ಲ.

ಇರಾನಿನ ಕಥೆ ಬೇರೆ. ನೆನೆದರೆ ಇವತ್ತಿಗೂ ಸಂಕಟವಾಗುತ್ತದೆ. 1979ರಲ್ಲಿ ಅಮೆರಿಕದ ಬೆಂಬಲವಿದ್ದ ದೊರೆ ಷಾ ಕ್ರಾಂತಿಯಲ್ಲಿ ಪದಚ್ಯುತನಾದ. ಕೆಲವೇ ವಾರಗಳಲ್ಲಿ, ಕಚೇರಿಗೆ ಬರುವ ಹೆಂಗಸರು ಹಿಜಾಬ್ ಧರಿಸಬೇಕು ಅಂದರು ಆ ಕ್ರಾಂತಿಯ ನಾಯಕ, ಧರ್ಮಗುರು ಖೊಮೇನಿ. ಮಾರ್ಚ್ 8ರಂದು ಸಾವಿರಾರು ಹೆಂಗಸರು ಟೆಹರಾನಿನ ಬೀದಿಗಿಳಿದರು. "ಹಿಂದಕ್ಕೆ ಹೋಗಲು ನಾವು ಕ್ರಾಂತಿ ಮಾಡಲಿಲ್ಲ" ಅಂತ ಕೂಗಿದರು. ಎಡಪಂಥದ ಹಲವು ಗುಂಪುಗಳು ಅವರಿಗೆ ಹೇಳಿದ್ದೇನು ಗೊತ್ತಾ? ಇದು ಸಮಯವಲ್ಲ, ಮೊದಲು ಸಾಮ್ರಾಜ್ಯಶಾಹಿ ಸೋಲಲಿ, ಉಳಿದದ್ದು ಆಮೇಲೆ.

ಆ 'ಆಮೇಲೆ' ಬರಲೇ ಇಲ್ಲ. ಖೊಮೇನಿಯನ್ನು ಬೆಂಬಲಿಸುತ್ತಲೇ ಬಂದ ಇರಾನಿನ ಕಮ್ಯುನಿಸ್ಟ್ ಪಕ್ಷ ತೂದೆಯನ್ನು 1983ರಲ್ಲಿ ನಿಷೇಧಿಸಿದರು. ಅದರ ನಾಯಕ ನೂರುದ್ದೀನ್ ಕಿಯಾನೂರಿಯನ್ನು ಟಿವಿ ಕ್ಯಾಮೆರಾ ಮುಂದೆ ಕೂರಿಸಿ, ಸೋವಿಯತ್ ಪರ ಬೇಹುಗಾರಿಕೆ ಮಾಡಿದೆವು ಅಂತ ಹೇಳಿಸಿದರು. ಚಿತ್ರಹಿಂಸೆ ಕೊಟ್ಟು ಹೇಳಿಸಿದ್ದು ಅಂತ ಮುಂದೆ ಅವರೇ ತಿಳಿಸಿದರು. 1988ರಲ್ಲಿ ಸಾವಿರಾರು ರಾಜಕೀಯ ಕೈದಿಗಳನ್ನು ಕೊಂದರು. ಅವರಲ್ಲಿ ಎಡಪಂಥೀಯರೂ ಇದ್ದರು.

ಇದು ಯಾರಿಗೂ ಹೊಳೆಯದ ಅಪಾಯವೇನಲ್ಲ. ಹಲವು ದೇಶಗಳ ಕಮ್ಯುನಿಸ್ಟ್ ಪಕ್ಷಗಳ ಒಕ್ಕೂಟವಾದ ಕಮ್ಯುನಿಸ್ಟ್ ಇಂಟರ್‌ನ್ಯಾಷನಲ್‌ನ 1920ರ ಅಧಿವೇಶನದಲ್ಲಿ ಲೆನಿನ್ ಮತ್ತು ಭಾರತದ ಕಮ್ಯುನಿಸ್ಟ್ ಎಂ.ಎನ್. ರಾಯ್ ಇದೇ ವಿಷಯಕ್ಕೆ ವಾದಿಸಿದ್ದರು. ವಸಾಹತುಗಳ ಬಂಡವಾಳಶಾಹಿ ರಾಷ್ಟ್ರವಾದಿಗಳನ್ನು ಜಾಸ್ತಿ ನಂಬಬೇಡಿ ಅಂದವರು ರಾಯ್. ಆ ರಾಷ್ಟ್ರವಾದಿಗಳ ಜೊತೆ ತಾತ್ಕಾಲಿಕ ಮೈತ್ರಿ ಬೇಕು ಅಂದ ಲೆನಿನ್ ಕೂಡ, ಕಾರ್ಮಿಕರ ಚಳವಳಿ ಎಷ್ಟೇ ಚಿಕ್ಕದಿದ್ದರೂ ಅವರಲ್ಲಿ ಕರಗಬಾರದು ಅಂತ ಸ್ಪಷ್ಟವಾಗಿ ಹೇಳಿದ್ದರು.

ಹಾಗಾದರೆ ಯಾವ ಕುಂದೂ ಇಲ್ಲದ ಚಳವಳಿ ಹುಟ್ಟುವ ತನಕ ಕಾಯಬೇಕಾ? ಖಂಡಿತಾ ಇಲ್ಲ. ಬಾಂಬ್, ದಿಗ್ಬಂಧನ, ಆಕ್ರಮಣ ಇವನ್ನು ಇವತ್ತೇ ವಿರೋಧಿಸೋಣ, ಷರತ್ತಿಲ್ಲದೆ. ಆದರೆ ಒಂದು ಸಂಘಟನೆಯ ಬಾವುಟ ಹಿಡಿಯಿರಿ ಅಂದಾಗ ನಾನು ಮೊದಲು ಅದರ ಹಿಡಿತದಲ್ಲಿರುವ ಊರುಗಳತ್ತ ನೋಡುತ್ತೇನೆ. ಅಲ್ಲಿ ಕಾರ್ಮಿಕರು ಮುಷ್ಕರ ಮಾಡಬಹುದಾ? ಹೆಂಗಸರು ಬೀದಿಗಿಳಿದರೆ ಏನಾಗುತ್ತದೆ? ಬೇರೆ ಪಕ್ಷದವರು ಎಲ್ಲಿದ್ದಾರೆ, ಹೊರಗಾ, ಜೈಲಿನಲ್ಲಾ?