ಹೊರವಲಯದ ಮನೆ: ಬಾಡಿಗೆಗಿಂತ ಮೊದಲು ಗಡಿಯಾರ ನೋಡಿ

ನಗರದ ಮನೆ ಬಿಟ್ಟು ಹೊರವಲಯಕ್ಕೆ ಹೋಗೋಣವೇ ಎಂಬ ಮಾತು ಬಂದಾಗ ಹೆಚ್ಚಿನ ಮನೆಗಳಲ್ಲಿ ಹೋಲಿಕೆ ನಡೆಯುವುದು ಎರಡು ಅಂಕಿಗಳ ನಡುವೆ: ಇಲ್ಲಿಯ ಬಾಡಿಗೆ, ಅಲ್ಲಿಯ ಬಾಡಿಗೆ. ಅಲ್ಲಿ ಒಂದು ಕೋಣೆ ಹೆಚ್ಚು ಸಿಗುತ್ತದೆ, ಗಾಳಿ ಬೆಳಕೂ ಚೆನ್ನಾಗಿದೆ ಎಂದರೆ ಮಾತು ಮುಗಿದಂತೆಯೇ. ಆದರೆ ಅಲ್ಲಿ ಬಾಡಿಗೆ ಕಡಿಮೆ ಇರುವುದು ಸುಮ್ಮನೆ ಅಲ್ಲ. ನಗರದ ನಡುವಿನಿಂದ ದೂರ ಸರಿದಷ್ಟೂ ಓಡಾಟದ ಖರ್ಚು ಏರುತ್ತದೆ, ಅದಕ್ಕೆ ತಕ್ಕಂತೆ ಜಾಗದ ಬೆಲೆ ಇಳಿಯುತ್ತದೆ ಎಂದು ನಗರಗಳ ಅರ್ಥಶಾಸ್ತ್ರಜ್ಞ ವಿಲಿಯಂ ಅಲೊನ್ಸೊ 1964ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು. ಬಾಡಿಗೆಯಲ್ಲಿ ಉಳಿದದ್ದರಲ್ಲಿ ಒಂದು ಪಾಲನ್ನು ದಾರಿಯಲ್ಲಿ ಕಟ್ಟಲೇಬೇಕು. ಎಷ್ಟು ಪಾಲು, ಅದನ್ನು ಮನೆಯಲ್ಲಿ ಯಾರು ಕಟ್ಟುತ್ತಾರೆ ಎಂಬುದೇ ನಿಜವಾದ ಪ್ರಶ್ನೆ.

ಹೊತ್ತಿನಿಂದ ಶುರು ಮಾಡಿ. ಮೊಬೈಲಿನ ನಕಾಶೆ ಮಧ್ಯಾಹ್ನ ಎರಡು ಗಂಟೆಗೆ ತೋರಿಸುವ ಅಂಕಿಯನ್ನು ನಂಬಬೇಡಿ. ಹೊಸ ಮನೆಯ ಬಾಗಿಲಿಗೆ ಬೀಗ ಹಾಕಿದ ಕ್ಷಣದಿಂದ ಕೆಲಸದ ಕುರ್ಚಿಯಲ್ಲಿ ಕೂರುವವರೆಗೆ ಎಣಿಸಿ: ನಿಲ್ದಾಣಕ್ಕೆ ನಡಿಗೆ, ಕಾಯುವುದು, ಪ್ರಯಾಣ, ವಾಹನ ಬದಲಿಸುವುದು, ಕೊನೆಯ ನಡಿಗೆ ಅಥವಾ ಪಾರ್ಕಿಂಗ್, ಲಿಫ್ಟು. ಎರಡು ವಾರದ ಹತ್ತು ಕೆಲಸದ ದಿನ, ನೀವು ಹೊರಡುವ ಹೊತ್ತಿಗೇ, ಎರಡೂ ದಿಕ್ಕಿನಲ್ಲಿ ಬರೆದಿಡಿ. ಅದರಲ್ಲಿ ಒಂದಾದರೂ ಸೋಮವಾರ ಇರಲಿ, ಸಾಧ್ಯವಾದರೆ ಒಂದು ಮಳೆಯ ದಿನವೂ ಇರಲಿ. ಆಮೇಲೆ ಸರಾಸರಿಯನ್ನು ಬದಿಗಿಟ್ಟು ಎರಡನೇ ಅತಿ ದೊಡ್ಡ ಅಂಕಿಯನ್ನು ನೋಡಿ. ಸರಾಸರಿ 50 ನಿಮಿಷ ಇದ್ದು ಆ ಅಂಕಿ 80 ಆಗಿದ್ದರೆ, ತಡವಾಗಬಾರದ ದಿನಗಳಲ್ಲೆಲ್ಲ ನೀವು 80 ನಿಮಿಷ ಮೊದಲೇ ಹೊರಡುತ್ತೀರಿ. ಬದುಕು ಹೊಂದಿಕೊಳ್ಳುವುದು ಕೆಟ್ಟ ದಿನಕ್ಕೆ, ಸರಾಸರಿ ದಿನಕ್ಕಲ್ಲ.

ಬಸ್ಸು ಅಥವಾ ರೈಲನ್ನು ನೆಚ್ಚಿಕೊಂಡವರು ಕಾಯುವ ಹೊತ್ತನ್ನು ಸಾಮಾನ್ಯವಾಗಿ ಕಡಿಮೆ ಹಿಡಿಯುತ್ತಾರೆ. ಇಪ್ಪತ್ತು ನಿಮಿಷಕ್ಕೊಂದು ಬಸ್ಸು ಎಂದರೆ ಸರಾಸರಿ ಹತ್ತು ನಿಮಿಷ ಕಾದರಾಯಿತು ಅನಿಸುತ್ತದೆ. ಬಸ್ಸುಗಳು ಸಮ ಅಂತರದಲ್ಲಿ ಬಂದರೆ ಅದು ಸರಿ. ದಟ್ಟಣೆಯಲ್ಲಿ ಸಿಕ್ಕಿ ಎರಡೆರಡು ಒಟ್ಟಿಗೇ ಬಂದರೆ ನಡುವಿನ ಅಂತರ 40 ನಿಮಿಷವಾಗಿ, ಸರಾಸರಿ ಕಾಯುವಿಕೆ 20ಕ್ಕೆ ಏರುತ್ತದೆ. ವೇಳಾಪಟ್ಟಿಯಲ್ಲಿ ಮಾತ್ರ ಏನೂ ಬದಲಾಗಿರುವುದಿಲ್ಲ. ಎರಡು ಕಡೆ ವಾಹನ ಬದಲಿಸಬೇಕಾದರೆ ಈ ಕಷ್ಟವೂ ಎರಡು ಸಲ. ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಎಂಬುದನ್ನೂ ನಿಲ್ದಾಣದಲ್ಲೇ ನಿಂತು ಕೇಳಿ. ಸಂಜೆಯ ಕೆಲಸ, ನೆಂಟರ ಮನೆ, ನಾಟಕ, ಆಸ್ಪತ್ರೆಯಲ್ಲಿರುವವರನ್ನು ನೋಡಿಬರುವುದು, ಎಲ್ಲಕ್ಕೂ ಇನ್ನು ಮುಂದೆ ಅದೇ ಗಡಿ.

ಈಗ ಗುಣಿಸಿ. ಒಂದು ದಿಕ್ಕಿಗೆ 45 ನಿಮಿಷ ಹೆಚ್ಚಾದರೆ ದಿನಕ್ಕೆ ಒಂದೂವರೆ ಗಂಟೆ. ವರ್ಷಕ್ಕೆ 240 ಕೆಲಸದ ದಿನವೆಂದರೆ 360 ಗಂಟೆ, ಎಂಟು ಗಂಟೆಯ ಲೆಕ್ಕದಲ್ಲಿ 45 ಕೆಲಸದ ದಿನ. ವಾರಕ್ಕೆ ಮೂರೇ ದಿನ ಕಚೇರಿಗೆ ಹೋಗುವವರಿಗೆ ಇದು 216 ಗಂಟೆಗೆ ಇಳಿಯುತ್ತದೆ. ಆದರೆ ಮನೆಯಿಂದ ಕೆಲಸ ಮಾಡುವ ಅನುಮತಿಯನ್ನು ನೆಚ್ಚಿ ಮನೆ ಬದಲಿಸುವುದು ಅಪಾಯ. ಆ ನಿಯಮ ಒಂದು ಇಮೇಲಿನಲ್ಲಿ ಬದಲಾಗಬಹುದು, ಮನೆ ಹಾಗೆ ಬದಲಾಗುವುದಿಲ್ಲ. ಐದೂ ದಿನ ಹೋಗಬೇಕಾಗಿ ಬಂದರೂ ತಾಳಿಕೊಳ್ಳಬಹುದೇ ಎಂದು ನೋಡಿ. ಬೇರೆ ಬೇರೆ ಕಾಲದ ನಗರಗಳಲ್ಲಿ ಜನ ದಿನದ ಓಡಾಟಕ್ಕೆ ಕೊಡುವ ಹೊತ್ತು ಸುಮಾರು ಒಂದು ಗಂಟೆಯ ಆಸುಪಾಸಿನಲ್ಲೇ ನಿಂತಿದೆ ಎಂದು ಇಟಲಿಯ ಭೌತವಿಜ್ಞಾನಿ ಚೆಸಾರೆ ಮಾರ್ಕೆಟ್ಟಿ 1994ರಲ್ಲಿ ಬರೆದಿದ್ದರು. ಜರ್ಮನಿಯ ಮನೆಗಳ ಮಾಹಿತಿ ಇಟ್ಟುಕೊಂಡು 2008ರಲ್ಲಿ ಪ್ರಬಂಧ ಪ್ರಕಟಿಸಿದ ಅರ್ಥಶಾಸ್ತ್ರಜ್ಞರಾದ ಬ್ರೂನೊ ಫ್ರೈ ಮತ್ತು ಅಲೋಯಿಸ್ ಸ್ಟುಟ್ಸರ್ ಕಂಡದ್ದು ಇನ್ನೂ ನೇರವಾದದ್ದು: ಹೆಚ್ಚು ದೂರ ಓಡಾಡುವವರಿಗೆ ಬದುಕಿನ ಬಗೆಗಿನ ತೃಪ್ತಿ ಕಡಿಮೆ, ದೊಡ್ಡ ಮನೆ ಅಥವಾ ಹೆಚ್ಚು ಸಂಬಳ ಆ ಕೊರತೆಯನ್ನು ಪೂರ್ತಿ ತುಂಬಿಕೊಡುವುದಿಲ್ಲ. ದೊಡ್ಡ ಕೋಣೆ ಮೂರು ತಿಂಗಳಲ್ಲಿ ಅಭ್ಯಾಸವಾಗಿಬಿಡುತ್ತದೆ. ದಿನಕ್ಕೊಂದು ರೀತಿ ಕೈಕೊಡುವ ರಸ್ತೆ ಅಭ್ಯಾಸವಾಗುವುದಿಲ್ಲ.

ದುಡ್ಡಿನ ವಿಷಯದಲ್ಲಿ ಲೆಕ್ಕ ತಪ್ಪಿಸುವುದು ಎರಡನೇ ವಾಹನ. ನಗರದಲ್ಲಿ ಒಂದು ಗಾಡಿಯಲ್ಲೋ, ಗಾಡಿಯೇ ಇಲ್ಲದೆಯೋ ಸಾಗುತ್ತಿದ್ದ ಸಂಸಾರಕ್ಕೆ ಹೊರವಲಯದಲ್ಲಿ ಇನ್ನೊಂದು ಬೇಕಾಗುತ್ತದೆ. ಒಂದು ದಿಕ್ಕಿಗೆ 25 ಕಿಲೋಮೀಟರ್ ಹೆಚ್ಚಾದರೆ ವರ್ಷಕ್ಕೆ 12,000 ಕಿಲೋಮೀಟರ್, ಲೀಟರಿಗೆ 15 ಕಿಲೋಮೀಟರ್ ಓಡುವ ಕಾರಿಗೆ 800 ಲೀಟರ್ ಇಂಧನ. ಟೈರು 40,000 ಕಿಲೋಮೀಟರ್ ಬಾಳುತ್ತದೆ ಎಂದಿಟ್ಟುಕೊಂಡರೂ ಈ ಹೆಚ್ಚಿನ ಓಡಾಟವೊಂದೇ ಅದನ್ನು ಮೂರು ವರ್ಷ ನಾಲ್ಕು ತಿಂಗಳಲ್ಲಿ ಸವೆಸುತ್ತದೆ. ವಿಮೆ, ಸರ್ವಿಸ್, ಟೋಲ್, ಪಾರ್ಕಿಂಗ್, ಗಾಡಿಯ ಬೆಲೆ ಪ್ರತಿ ವರ್ಷ ಇಳಿಯುವುದು, ಎಲ್ಲವನ್ನೂ ಸೇರಿಸಿ ಹನ್ನೆರಡರಿಂದ ಭಾಗಿಸಿ, ಬಾಡಿಗೆಯ ಉಳಿತಾಯದ ಎದುರು ಇಡಿ. ಶಿಕಾಗೊದ ನೆರೆಹೊರೆ ತಂತ್ರಜ್ಞಾನ ಕೇಂದ್ರ ಎಂಬ ಸಂಶೋಧನಾ ಸಂಸ್ಥೆ ಮನೆಯ ಖರ್ಚು ಮತ್ತು ಓಡಾಟದ ಖರ್ಚು ಎರಡೂ ಸೇರಿ ಆದಾಯದ ಶೇಕಡ 45 ದಾಟಬಾರದು ಎಂಬ ಅಳತೆಗೋಲು ಇಟ್ಟಿದೆ. ಬಾಡಿಗೆಯೊಂದನ್ನೇ ನೋಡುವುದಕ್ಕಿಂತ ಇದು ಎಷ್ಟೋ ಪ್ರಾಮಾಣಿಕ ಅಳತೆ.

‘ರಸ್ತೆ ಅಗಲವಾಗುತ್ತಿದೆ, ಎರಡು ವರ್ಷದಲ್ಲಿ ಅರ್ಧ ಗಂಟೆಯ ದಾರಿ’ ಎಂದು ಮನೆ ತೋರಿಸುವವರು ಹೇಳುತ್ತಾರೆ. ದಟ್ಟಣೆಯ ಹೊತ್ತಿನಲ್ಲಿ ಹೊಸ ಹೆದ್ದಾರಿಯೂ ತುಂಬಿಯೇ ತೀರುತ್ತದೆ ಎಂದು ಅಮೆರಿಕದ ಅರ್ಥಶಾಸ್ತ್ರಜ್ಞ ಆಂಥನಿ ಡೌನ್ಸ್ 1962ರಲ್ಲೇ ವಿವರಿಸಿದ್ದರು. ಅಮೆರಿಕದ ನಗರಗಳಲ್ಲಿ ರಸ್ತೆಯ ಉದ್ದ ಹೆಚ್ಚಿದಷ್ಟೇ ವಾಹನಗಳ ಓಡಾಟವೂ ಹೆಚ್ಚುತ್ತದೆ ಎಂದು ಅರ್ಥಶಾಸ್ತ್ರಜ್ಞರಾದ ಡುರಾಂಟನ್ ಮತ್ತು ಟರ್ನರ್ 2011ರಲ್ಲಿ ತೋರಿಸಿದರು. ಕಾರಣ ಸರಳ: ರಸ್ತೆ ಸಲೀಸಾದರೆ ನಿಮ್ಮಂತೆಯೇ ಇನ್ನೂ ಸಾವಿರ ಸಂಸಾರಗಳು ಅತ್ತ ಬರುತ್ತವೆ. ಇನ್ನೂ ಕಟ್ಟದ ರೈಲು ಮಾರ್ಗವನ್ನು ಲೆಕ್ಕಕ್ಕೆ ಸೇರಿಸಬೇಡಿ. ಬಂದರೆ ಲಾಭ ಅಷ್ಟೇ.

ಇನ್ನು ನೀರು. ಹೊರವಲಯದ ಎಷ್ಟೋ ಮನೆಗಳಿಗೆ ಕೊಳಾಯಿ ನೀರು ಬರುವುದು ಜನ ಬಂದ ಎಷ್ಟೋ ವರ್ಷದ ಮೇಲೆ. ಅಲ್ಲಿಯವರೆಗೆ ಕೊಳವೆಬಾವಿ, ಟ್ಯಾಂಕರ್. ಮನೆಯ ಮಾಲೀಕರನ್ನು ಕೇಳುವುದಕ್ಕಿಂತ ಮೂರು ಮನೆ ಆಚೆಯ ಬಾಡಿಗೆದಾರರನ್ನು ಕೇಳಿ: ಬೇಸಿಗೆಯ ಕೊನೆಯ ತಿಂಗಳಲ್ಲಿ ವಾರಕ್ಕೆ ಎಷ್ಟು ಟ್ಯಾಂಕರ್ ತರಿಸಿದಿರಿ? ಕೊಳವೆಬಾವಿಯ ನೀರನ್ನು ಪ್ರಯೋಗಾಲಯಕ್ಕೆ ಕೊಟ್ಟು ನೋಡಿ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯಂತೆ ಲೀಟರಿಗೆ ಫ್ಲೋರೈಡ್ 1.5 ಮಿಲಿಗ್ರಾಂ, ನೈಟ್ರೇಟ್ 50 ಮಿಲಿಗ್ರಾಂ ಮೀರಬಾರದು, 100 ಮಿಲಿಲೀಟರಿನಲ್ಲಿ ಮಲದಿಂದ ಬರುವ ಇ. ಕೋಲಿ ಎಂಬ ಬ್ಯಾಕ್ಟೀರಿಯಾ ಒಂದೂ ಇರಬಾರದು. ಕುದಿಸಿದರೆ ಕ್ರಿಮಿ ಸಾಯುತ್ತದೆ, ಫ್ಲೋರೈಡು ನೈಟ್ರೇಟು ಹೋಗುವುದಿಲ್ಲ. ನೀರು ಆವಿಯಾಗಿ ಅವು ಇನ್ನಷ್ಟು ಗಾಢವಾಗುತ್ತವೆ. ನೈಟ್ರೇಟ್ ಹೆಚ್ಚಿದ್ದರೆ ಎಳೆಗೂಸಿನ ರಕ್ತಕ್ಕೆ ಆಮ್ಲಜನಕ ಒಯ್ಯುವುದೇ ಕಷ್ಟವಾಗುತ್ತದೆ, ಆದ್ದರಿಂದ ನೀರಿನಲ್ಲಿ ಕಲಸಿದ ಪುಡಿ ಹಾಲನ್ನು ಬಾಟಲಿಯಲ್ಲಿ ಕುಡಿಯುವ ಮಗು ಇರುವ ಮನೆ ಈ ಪರೀಕ್ಷೆಯನ್ನು ಬಿಡಲೇಬಾರದು.

ಒಳಚರಂಡಿ ಇಲ್ಲದ ಕಡೆ ಸೆಪ್ಟಿಕ್ ಟ್ಯಾಂಕ್ ಇರುತ್ತದೆ. ಅದನ್ನು ಸಾಮಾನ್ಯವಾಗಿ ಮೂರರಿಂದ ಐದು ವರ್ಷಕ್ಕೊಮ್ಮೆ ಖಾಲಿ ಮಾಡಿಸಬೇಕು. ಹಾಗೆ ಮಾಡದಿದ್ದರೆ ತಳದ ಕೆಸರು ತುಂಬಿ, ಗಟ್ಟಿ ಪದಾರ್ಥ ಇಂಗುಗುಂಡಿಗೆ ಹರಿದು ಮಣ್ಣಿನ ಸಂದುಗಳನ್ನೇ ಮುಚ್ಚುತ್ತದೆ, ಆಮೇಲೆ ಖಾಲಿ ಮಾಡಿಸಿದರೂ ನೀರು ಇಂಗುವುದಿಲ್ಲ. ಕೊನೆಯ ಸಲ ಯಾವಾಗ ಖಾಲಿ ಮಾಡಿಸಿದ್ದು, ಗಾಡಿ ಅಲ್ಲಿಯವರೆಗೆ ಬರುತ್ತದೆಯೇ, ಟ್ಯಾಂಕಿಗೂ ಬಾವಿಗೂ ಎಷ್ಟು ಅಂತರ ಎಂದು ಕೇಳಿ. ಪಕ್ಕದ ಮನೆಯ ಟ್ಯಾಂಕನ್ನೂ ಮರೆಯಬೇಡಿ. ನೆಲದ ಕೆಳಗೆ ಕಾಂಪೌಂಡ್ ಇರುವುದಿಲ್ಲ.

ಮಳೆನೀರು ಹಿಡಿಯುವ ಜಾಗವಿದ್ದರೆ ಅದು ದೊಡ್ಡ ಆಸರೆ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಲೀಟರ್. 100 ಚದರ ಮೀಟರ್ ಛಾವಣಿ, ವರ್ಷಕ್ಕೆ 800 ಮಿಲಿಮೀಟರ್ ಮಳೆ, ಐದರಲ್ಲೊಂದು ಪಾಲು ಪೋಲು ಎಂದಿಟ್ಟುಕೊಂಡರೂ 64,000 ಲೀಟರ್. ನಾಲ್ಕು ಜನ ದಿನಕ್ಕೆ 400 ಲೀಟರ್ ಬಳಸಿದರೆ 160 ದಿನದ ನೀರು. ಆದರೆ ತೊಟ್ಟಿ 5,000 ಲೀಟರಿನದಾದರೆ ಒಮ್ಮೆ ತುಂಬಿದ ನೀರು ಬರುವುದು ಹನ್ನೆರಡು ದಿನ ಮಾತ್ರ. ಆದ್ದರಿಂದ ಛಾವಣಿಯ ಜೊತೆ ತೊಟ್ಟಿಯ ಅಳತೆಯನ್ನೂ ಕೇಳಿ.

ಮನೆಯಿಂದ ಕೆಲಸ ಮಾಡುವವರು ಇಂಟರ್ನೆಟ್ ವೇಗವನ್ನು ರಾತ್ರಿ ಎಂಟರಿಂದ ಹತ್ತರ ನಡುವೆ, ಒಳಗಿನ ಕೋಣೆಯಲ್ಲಿ ನಿಂತು ಅಳೆಯಬೇಕು. ಅಪ್‌ಲೋಡ್ ವೇಗವನ್ನೂ ನೋಡಿ. ಕರೆಂಟು ಹೋದಾಗ ಮೊಬೈಲ್ ಟವರ್ ಎಷ್ಟು ಹೊತ್ತು ನಡೆಯುತ್ತದೆ ಎಂಬುದು ನೆರೆಯವರಿಗೆ ಗೊತ್ತಿರುತ್ತದೆ.

ಇಷ್ಟೆಲ್ಲ ಲೆಕ್ಕದಲ್ಲಿ ಬಿಟ್ಟುಹೋಗುವವರು ಗಾಡಿ ಓಡಿಸದವರು. ವಯಸ್ಸಾದವರು, ಹದಿನಾಲ್ಕು ಹದಿನೈದರ ಮಕ್ಕಳು, ಮನೆಯಲ್ಲೇ ಇರುವವರು. ನಗರದಲ್ಲಿ ಔಷಧಿಯಂಗಡಿಗೆ, ಗ್ರಂಥಾಲಯಕ್ಕೆ, ಗೆಳೆಯರ ಮನೆಗೆ ತಾವೇ ನಡೆದು ಹೋಗುತ್ತಿದ್ದವರು ಅಲ್ಲಿ ಇನ್ನೊಬ್ಬರ ಬಿಡುವಿಗೆ ಕಾಯಬೇಕಾಗುತ್ತದೆ. ಮನೆ ದೊಡ್ಡದಾಗಿ ಅವರ ಲೋಕ ಚಿಕ್ಕದಾದರೆ ಅದನ್ನು ಲಾಭವೆಂದು ಕರೆಯಲು ನನಗೆ ಮನಸ್ಸು ಒಪ್ಪುವುದಿಲ್ಲ. ಒಂದು ಹಾಳೆಯಲ್ಲಿ ಮನೆಯ ಪ್ರತಿಯೊಬ್ಬರ ಹೆಸರು ಬರೆದು, ಅವರು ವಾರದಲ್ಲಿ ಹೋಗುವ ಜಾಗಗಳನ್ನು ಬರೆದು, ಹೊಸ ಮನೆಯಿಂದ ಅಲ್ಲಿಗೆ ಒಬ್ಬರೇ ಹೋಗಬಲ್ಲರೇ ಎಂದು ಗುರುತು ಹಾಕಿ. ರಾತ್ರಿಯೂ ತೆರೆದಿರುವ ತುರ್ತು ಚಿಕಿತ್ಸೆಯ ಆಸ್ಪತ್ರೆ ಎಲ್ಲಿದೆ, ಸಂಜೆ ಆರರ ದಟ್ಟಣೆಯಲ್ಲಿ ಅಲ್ಲಿಗೆ ಎಷ್ಟು ಹೊತ್ತು ಎಂಬುದನ್ನು ನೀವೇ ಹೋಗಿ ನೋಡಿ.

ದುಡಿಯುವ ಇಬ್ಬರ ಕೆಲಸವೂ ನಗರದ ಎದುರು ಬದುರು ತುದಿಗಳಲ್ಲಿ, ಐದು ದಿನವೂ ಹಾಜರಿ ಕಡ್ಡಾಯ ಎಂದಿದ್ದರೆ ಹೋಗದಿರುವುದೇ ಒಳ್ಳೆಯದು. ಕೆಲಸವೇ ಹೊರವಲಯದ ಬದಿಯಲ್ಲಿದ್ದರೆ, ಶಾಲೆ ನಡೆದು ಹೋಗುವಷ್ಟು ಹತ್ತಿರವಿದ್ದರೆ ತಡಮಾಡಬೇಡಿ. ನಡುವಿನವರು ಕೊಳ್ಳುವ ಮೊದಲು ಅದೇ ಬಡಾವಣೆಯಲ್ಲಿ ಒಂದು ವರ್ಷ ಬಾಡಿಗೆಗಿದ್ದು ನೋಡಲಿ, ಒಂದು ಬೇಸಿಗೆ ಒಂದು ಮಳೆಗಾಲ ಕಳೆಯಲಿ. ನಗರದ ಸ್ವಂತ ಮನೆಯನ್ನು ಅಲ್ಲಿಯವರೆಗೆ ಮಾರಬಾರದು, ಏಕೆಂದರೆ ಬೇಡವೆನಿಸಿ ಮರಳಿ ಬರುವಾಗ ಅದೇ ದುಡ್ಡಿಗೆ ಅದೇ ಮನೆ ಸಿಗುವುದು ಕಷ್ಟ. ಒಪ್ಪಂದಕ್ಕೆ ಸಹಿ ಹಾಕುವ ಹಿಂದಿನ ವಾರ, ಕತ್ತಲಾದ ಮೇಲೆ, ಕೊನೆಯ ಬಸ್ಸಿನಲ್ಲೇ ಹೋಗಿ ಇಳಿದು ಮನೆಯವರೆಗೆ ನಡೆಯಿರಿ. ಬೀದಿದೀಪ ಎಲ್ಲಿ ನಿಲ್ಲುತ್ತದೆ, ಕಾಲುದಾರಿ ಎಲ್ಲಿ ಮುಗಿಯುತ್ತದೆ, ನಾಯಿಗಳು ಎಲ್ಲಿ ಗುಂಪಾಗಿ ಮಲಗಿರುತ್ತವೆ ಎಂದು ನೋಡಿಕೊಳ್ಳಿ. ನಿಮ್ಮ ಜೊತೆಗೆ ಮನೆಯಲ್ಲಿ ಗಾಡಿ ಓಡಿಸದವರನ್ನೂ ಕರೆದುಕೊಂಡು ಹೋಗಿ.